ಎದೆನೋವಿಗೆ ‘ವಾಯು’ ಎನ್ನುವ ಮುನ್ನ

ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಎದೆ ಹಿಂಡಿದರೆ ‘ವಾಯು ಹಿಡಿದಿದೆ’ ಎನ್ನುವುದು ರೂಢಿ. ಒಂದು ತಪ್ಪು ಶಬ್ದ ಪ್ರಾಣಕ್ಕೇ ಎರವಾಗಬಲ್ಲದೆಂದು ಭಾಷಾಧ್ಯಾಪಕನಾದ ನಾನು ನಿವೇದಿಸಬೇಕಾಗಿದೆ.

ಹೃದಯದ ಪ್ರತಿ ಮಿಡಿತಕ್ಕೂ ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಂ ಬೇಕೆಂಬುದನ್ನು 1883ರಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರನು ಕಪ್ಪೆಯ ಹೃದಯದಿಂದ ತೋರಿಸಿಕೊಟ್ಟನು. (ತಾಂಬೂಲಕ್ಕೆ ಸುಣ್ಣ ಹೆಚ್ಚಿಸಿದರೆ ಹೃದಯ ಬಲಿಯದು!) ಕ್ಯಾಲ್ಸಿಯಂ ಸ್ನಾಯುಕೋಶದೊಳಗೆ ಹರಡಿದರೆ ಹೃದಯ ಸಂಕುಚಿಸುತ್ತದೆ, ಅದನ್ನು ಹಿಂದೆಳೆದರೆ ಸಡಿಲುತ್ತದೆ. ಹಿಂದೆಳೆಯಲು ಶಕ್ತಿ ಬೇಕು. ರಕ್ತ ನಿಂತಾಗ ಆ ಶಕ್ತಿ ಉಡುಗಿ, ಕ್ಯಾಲ್ಸಿಯಂ ಒಳಗೇ ತುಂಬಿಕೊಳ್ಳುತ್ತದೆ. ಬಹಳ ತಡವಾಗಿ ರಕ್ತ ಮರಳಿದರೆ, ಆ ಮರಳುವಿಕೆಯೇ ಕ್ಯಾಲ್ಸಿಯಮ್ಮನ್ನು ಮತ್ತಷ್ಟು ನುಗ್ಗಿಸಿ, ಸ್ನಾಯುವನ್ನು ಬಿಗಿದು ಕೋಶಗಳನ್ನು ಕೊಲ್ಲುವುದುಂಟು. ಬೇಗ ಮರಳಿದರೆ, ಸೋತು ಮಂಕಾದ ಸ್ನಾಯು ಕೆಲವು ದಿನ, ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ.

2021ರಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯಜ್ಯೋತಿ’ ಯೋಜನೆ 2023ರಲ್ಲಿ ಆರಂಭವಾಗಿ, ಹಲವು ತಾಲೂಕಾ ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ದೊರೆಯುವಂತಾಯಿತು. ಆದರೆ ಅಜವಾನ ಜಗಿದು ಬೆಳಗಿನವರೆಗೆ ಕಾಯುವವನಿಗೆ ಅದರಿಂದೇನು ಫಲ? ಬೆವರಿನೊಡನೆ ಬಂದು ತೋಳು, ದವಡೆಗೆ ಹರಿಯುವ ನೋವಿಗೆ ಮೊದಲು ಇ.ಸಿ.ಜಿ. ಆಗಬೇಕೆಂಬುದನ್ನು ಅಧ್ಯಾಪಕ ಬಂಧುಗಳು ಎಂಟನೆಯ ಇಯತ್ತೆಯಿಂದಲೇ ಕಲಿಸಲಿ. ಮಹಾದಾನಿಗಳು ಮುಂದಿನ ಕೊಠಡಿಗಿಂತ ಮೊದಲು ಊರೂರಿಗೆ ಈ ತಿಳಿವಳಿಕೆಯ ಪತ್ರಕ ಅಚ್ಚು ಹಾಕಿಸಲಿ.