ಗೃಹಸ್ಥರಿಗೊಂದು ಮಾತು: ತೊಳೆಯದ ಪಾತ್ರೆ

ಒಂದೇ ಪಂಕ್ತಿಯಲ್ಲಿ ಉಂಡ ಹಲವರು ಒಮ್ಮೆಗೇ ಅಸ್ವಸ್ಥರಾದರೆ, ಅದು ರೋಗಾಣುವಿನ ಫಲವೋ, ಕೈತಪ್ಪಿ ಬೆರೆತ ವಿಷವೋ, ಮನುಷ್ಯನ ದ್ರೋಹವೋ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ತಿಳಿಯದು. 2018ನೆಯ ಇಸವಿ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಮಾರಮ್ಮನ ಗುಡಿಯ ಪ್ರಸಾದವನ್ನುಂಡವರಲ್ಲಿ 17 ಮಂದಿ ಮೃತರಾದರು. ಅದರಲ್ಲಿ ಬೆರೆತಿದ್ದುದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕವೆಂದು ಪ್ರಯೋಗಾಲಯದ ಪರೀಕ್ಷೆಯಿಂದ ಸ್ಪಷ್ಟವಾಯಿತು.

ಕಣ್ಣಿನ ಪಾಪೆ ಕಿರಿದಾಗುವುದು, ಜೊಲ್ಲು ಬೆವರುಗಳು ಸುರಿಯುವುದು ಈ ಜಾತಿಯ ವಿಷದ ಲಕ್ಷಣ. ಇದಕ್ಕೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ವಿಷದ ಹೆಸರು ವೈದ್ಯರಿಗೆ ಚಿಕಿತ್ಸೆಯ ದಾರಿ, ಪೋಲೀಸಿನವರಿಗೆ ಅಪರಾಧದ ಜಾಡು. ಇಬ್ಬರಿಗೂ ಬೇಕಾದುದು ಮಿಕ್ಕ ಅನ್ನವೇ.

ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ತೋಟಕ್ಕೆ ಸಿಂಪಡಿಸುವ ಔಷಧಿ ಅನೇಕರ ಮನೆಗಳಲ್ಲಿರುತ್ತದೆ. ಅಂಥ ಆಪತ್ತು ಒದಗಿದಾಗ ಠಾಣೆಯ ಭಯದಿಂದ ಪಾತ್ರೆಗಳನ್ನು ತೊಳೆದಿಡುವುದು ಮಹಾಪ್ರಮಾದ. ರೋಗಿಗಳನ್ನು ಒಡನೆಯೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ಮಿಕ್ಕ ಆಹಾರವನ್ನು ಯಾರೂ ಮುಟ್ಟದಂತೆ ಮುಚ್ಚಿಡತಕ್ಕದ್ದು. ಯಾರು, ಯಾವಾಗ, ಏನನ್ನು ಉಂಡರೆಂಬುದನ್ನು ವೈದ್ಯರಿಗೂ ಪೋಲೀಸಿನವರಿಗೂ ಒಂದೇ ರೀತಿಯಾಗಿ ಹೇಳತಕ್ಕದ್ದು. ಪರೀಕ್ಷೆ ಮುಗಿಯುವ ಮೊದಲೇ ಅಡುಗೆಯವನ ಮೇಲಾಗಲಿ ನೆರೆಯವರ ಮೇಲಾಗಲಿ ದೋಷ ಹೊರಿಸಬಾರದು.

ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಅನ್ನದಲ್ಲಿ ಬೆರೆತುದನ್ನು ಕಂಡ ಸಾಕ್ಷಿ ಎಷ್ಟೋ ವೇಳೆ ಆ ಪಾತ್ರೆಯೊಂದೇ. ನಿರಪರಾಧಿಯನ್ನು ಕಾಪಾಡುವುದೂ ಅದೇ.