ಮ್ಯಾಚಿಂಗ್ ಇಲ್ಲದ ಮರ

ಮೊದಲು ರವಕೆ ಸೀರೆಗೆ ಮ್ಯಾಚ್ ಆಗಬೇಕಿತ್ತು. ಆಮೇಲೆ ಬಳೆ, ಚಪ್ಪಲಿ, ಪರ್ಸು. ಈಗ ಕ್ರಿಸ್‌ಮಸ್ ಮರವೂ ಮ್ಯಾಚ್ ಆಗಬೇಕಂತೆ, ಪರದೆಗೆ, ಸೋಫಾದ ಬಟ್ಟೆಗೆ. ಕಳೆದ ಡಿಸೆಂಬರಿನಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಮೂಲೆಯಲ್ಲಿ ಆಳೆತ್ತರದ ಪ್ಲಾಸ್ಟಿಕ್ ಮರ, ಅಳೆದು ಕಟ್ಟಿದ ಹಾಗೆ ನೀಲಿ ಮತ್ತು ಬೆಳ್ಳಿ ಬಣ್ಣದ ಚೆಂಡುಗಳು. ಚೆನ್ನಾಗಿತ್ತು, ಇಲ್ಲವೆನ್ನಲಾರೆ.

"ನಿಮ್ಮ ಅತ್ತೆ ಕ್ರೋಶಾದಲ್ಲಿ ಹೆಣೆದ ನಕ್ಷತ್ರಗಳಿದ್ದವಲ್ಲ, ಎಲ್ಲಿ?" ಎಂದು ಕೇಳಿದೆ.

"ಅಟ್ಟದಲ್ಲಿ ಉಂಟು ಟೀಚರ್. ಈ ಮರಕ್ಕೆ ಅದು ಮ್ಯಾಚ್ ಆಗುವುದಿಲ್ಲ."

ಆ ಅತ್ತೆ ಸತ್ತು ಆಗ ಎರಡು ವರ್ಷವೂ ಆಗಿರಲಿಲ್ಲ. ಒಂದೊಂದು ನಕ್ಷತ್ರವನ್ನೂ ಗಂಜಿಯಲ್ಲಿ ಅದ್ದಿ, ಗುಂಡುಸೂಜಿ ಚುಚ್ಚಿ, ಹಲಗೆಯ ಮೇಲೆ ಒಣಗಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅವರ ಚಿನ್ನದ ಬಳೆ ಮಾತ್ರ ಸೊಸೆಯ ಕೈಯಲ್ಲಿ ಇತ್ತು. ಅದು ಎಲ್ಲ ಸೀರೆಗೂ ಮ್ಯಾಚ್ ಆಗುತ್ತದೆ ನೋಡಿ. ಈ ಮಾತು ಸ್ವಲ್ಪ ಖಾರವಾಯಿತು, ಆದರೂ ಇರಲಿ.

ನಮ್ಮ ಮನೆಯ ಮರ ಎಂದರೆ ಮರವೇ ಅಲ್ಲ, ಒಂದು ಗಾಳಿಮರದ ಕೊಂಬೆ. ಕಡಲ ಕರೆಯ ಊರಾದ್ದರಿಂದ ಅದಕ್ಕೆ ಬರವಿರಲಿಲ್ಲ. ಡಿಸೆಂಬರ್ 23ಕ್ಕೆ ಅಪ್ಪ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದರು. ಪೈಂಟಿನ ಖಾಲಿ ಡಬ್ಬಿಗೆ ಹೊಯಿಗೆ ತುಂಬಿ ನಿಲ್ಲಿಸುವುದು. ಎರಡು ದಿನದಲ್ಲಿ ಅದು ಒಂದು ಬದಿಗೆ ವಾಲುತ್ತಿತ್ತು, ಕಿಟಕಿಯ ಸರಳಿಗೆ ದಾರ ಕಟ್ಟುತ್ತಿದ್ದೆವು. ಆಮೇಲೆ ಅಮ್ಮ ಬಿಸ್ಕತ್ತಿನ ತಗಡಿನ ಡಬ್ಬಿ ತೆಗೆಯುವುದು. ಅದರೊಳಗೆ ಇದ್ದದ್ದು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಬೆಂಕಿಪೆಟ್ಟಿಗೆಗಳು, ಹೊಲಿಗೆ ಯಂತ್ರದ ಖಾಲಿ ರೀಲುಗಳು, ಉಗುರಿನ ಬಣ್ಣ ಬಳಿದ ಒಂದು ಸುಟ್ಟುಹೋದ ಬಲ್ಬು, ಹಳೇ ಗ್ರೀಟಿಂಗ್ ಕಾರ್ಡುಗಳಿಂದ ಕತ್ತರಿಸಿದ ದೇವದೂತರು, ಮತ್ತು 1976ರಲ್ಲಿ ಕುವೈತಿನಿಂದ ಮಾವ ತಂದ ಒಂದೇ ಒಂದು ಗಾಜಿನ ಚೆಂಡು. ಆರು ತಂದಿದ್ದರು, ಐದು ದಾರಿಯಲ್ಲೇ ಒಡೆದಿದ್ದವು.

ಒಂದೊಂದನ್ನು ಎತ್ತಿದಾಗಲೂ ಅಮ್ಮ ಒಂದು ಹೆಸರು ಹೇಳುತ್ತಿದ್ದರು. ಬಲ್ಬು ಚಿಕ್ಕಮ್ಮನದು, ಮದುವೆಯಾಗಿ ಹೋಗುವ ಹಿಂದಿನ ವರ್ಷ ಮಾಡಿದ್ದು. ರೀಲು ಅಜ್ಜಿಯದು. ಒಂದು ಸಣ್ಣ ಹತ್ತಿಯ ಕುರಿಮರಿಯನ್ನು ಮಾತ್ರ ಅಮ್ಮ ಸುಮ್ಮನೆ ತೂಗುಹಾಕುತ್ತಿದ್ದರು. ನನಗಿಂತ ಮೊದಲು ಹುಟ್ಟಿ ಎಂಟು ತಿಂಗಳಿಗೇ ತೀರಿಕೊಂಡ ಅಣ್ಣನಿಗೆಂದು ಅದನ್ನು ಮಾಡಿದ್ದೆಂದು ನನಗೆ ತಿಳಿದದ್ದು ನಾನೇ ತಾಯಿಯಾದ ಮೇಲೆ. ಮೂವತ್ತು ವರ್ಷ ಮಕ್ಕಳ ಹಾಜರಿ ಕರೆದವಳು ನಾನು. ಅಮ್ಮ ಮಾಡುತ್ತಿದ್ದುದೂ ಅದನ್ನೇ. ವರ್ಷಕ್ಕೊಮ್ಮೆ ಇಡೀ ಮನೆಯ ಹಾಜರಿ, ಇದ್ದವರದೂ ಇಲ್ಲದವರದೂ. ನೀಲಿ ಬೆಳ್ಳಿಯ ಚೆಂಡುಗಳನ್ನು ಡಬ್ಬಿಯಿಂದ ತೆಗೆಯುವಾಗ ಯಾರ ಹೆಸರು ಹೇಳುತ್ತೀರಿ? ಅಂಗಡಿಯದೇ?

"ಒಳ್ಳೆಯ ಮರ ಹಾಗೆಯೇ ಇರಬೇಕಂತೆ, ವಿದೇಶದಲ್ಲಿ ಹಾಗೆಯೇ" ಎನ್ನುವವರಿಗೆ ಒಂದು ಮಾತು. ಇಂದು ಫ್ರಾನ್ಸಿಗೆ ಸೇರಿದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮನೆಯೊಳಗೆ ಅಲಂಕರಿಸಿ ಇಡುತ್ತಿದ್ದ ಮರದ ವರ್ಣನೆ 1605ರಷ್ಟು ಹಿಂದೆಯೇ ದಾಖಲಾಗಿದೆ. ಅದರ ಮೇಲೆ ಇದ್ದದ್ದು ಬಣ್ಣದ ಕಾಗದದ ಗುಲಾಬಿ, ಸೇಬು, ಬಿಲ್ಲೆಯಂಥ ತಿಂಡಿ, ಮಿರುಗುವ ತಗಡು, ಸಕ್ಕರೆ ಮಿಠಾಯಿ. ಎಂದರೆ ಮನೆಯಲ್ಲಿ ಸಿಕ್ಕಿದ್ದು. ಗಾಜಿನ ಚೆಂಡು ಬಂದದ್ದು ಎಷ್ಟೋ ಕಾಲದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಜರ್ಮನಿಯ ಥುರಿಂಗಿಯಾದ ಲೌಶಾ ಎಂಬ ಗಾಜುಕೆಲಸದ ಊರಿನಿಂದ. ಅದೂ ಕಾರ್ಖಾನೆಯ ಮಾಲಲ್ಲ. ಗಂಡಸರು ಮನೆಯಲ್ಲೇ ದೀಪದ ಉರಿಗೆ ಗಾಜು ಹಿಡಿದು ಊದುತ್ತಿದ್ದರು. ಹೆಂಗಸರು ಮಕ್ಕಳು ಕೂತು ಒಳಗೆ ಬೆಳ್ಳಿಯ ದ್ರಾವಣ ಬಳಿದು, ಹೊರಗೆ ಬಣ್ಣ ಹಚ್ಚಿ, ತಲೆಗೆ ಟೋಪಿ ಸಿಕ್ಕಿಸಿ, ಪೆಟ್ಟಿಗೆಗೆ ತುಂಬುತ್ತಿದ್ದರು. ನಮ್ಮ ಕಡೆ ಬೀಡಿ ಕಟ್ಟುವ ಮನೆಗಳಿದ್ದವಲ್ಲ, ಹಾಗೆ. 1880ರ ದಶಕದಲ್ಲಿ ಅಮೆರಿಕದ ಅಂಗಡಿಗಾರ ವೂಲ್‌ವರ್ತ್ ಅವನ್ನು ರಾಶಿಗಟ್ಟಲೆ ಕೊಂಡು ಮಾರತೊಡಗಿದ. ಇವತ್ತು ನಿಮ್ಮ ಮನೆಗೆ ಬರುವ ಪ್ಲಾಸ್ಟಿಕ್ ಚೆಂಡು, ಯಾವಳೋ ಬಡ ಹೆಂಗಸು ಅಡುಗೆಮನೆಯಲ್ಲಿ ಬಣ್ಣ ಹಚ್ಚಿದ ಆ ಚೆಂಡಿನ ನಕಲು. ಅದನ್ನು ಇಡುವುದಕ್ಕೆಂದು ನಿಮ್ಮದೇ ಮನೆಯ ಹೆಂಗಸಿನ ಕೈಕೆಲಸವನ್ನು ಅಟ್ಟಕ್ಕೆ ಹಾಕುತ್ತೀರಿ.

ಇನ್ನು ಕೆಲವರು, ಮರವೇ ನಮ್ಮದಲ್ಲ, ಬೈಬಲಿನಲ್ಲಿಲ್ಲ, ಬಿಟ್ಟೇಬಿಡಿ ಎನ್ನುತ್ತಾರೆ. ಬೈಬಲಿನಲ್ಲಿ ಇಲ್ಲ, ನಿಜ. ಚಕ್ಕುಲಿಯೂ ಇಲ್ಲ, ನಾವು ಕ್ರಿಸ್‌ಮಸ್ಸಿಗೆ ಮಾಡುವುದಿಲ್ಲವೇ? 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಹೆಂಚು ತಂದರು, ನೇಯ್ಗೆ ತಂದರು. ಅವರಲ್ಲೇ ಒಬ್ಬರಾದ ಕಿಟ್ಟೆಲರು 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟರು. ನನ್ನ ಅಜ್ಜಿಯ ತಾಯಿ ಅಂಥ ಒಂದು ಬಂಗಲೆಯಲ್ಲಿ ಆಯಾ ಆಗಿದ್ದವರು. ಮರ ಕಟ್ಟುವುದನ್ನು ಅಲ್ಲಿ ನೋಡಿ ಮನೆಗೆ ತಂದದ್ದು ಅವರೇ ಎಂದು ಅಜ್ಜಿ ಹೇಳುತ್ತಿದ್ದರು. ಫರ್ ಮರ ಇಲ್ಲದಲ್ಲಿ ಗಾಳಿಮರ, ಸೇಬಿಲ್ಲದಲ್ಲಿ ಬೆಂಕಿಪೆಟ್ಟಿಗೆ. ನಾಲ್ಕು ತಲೆಮಾರಿನ ಹೆಂಗಸರು ಕಟ್ಟಿದ್ದು ಇನ್ನೂ ನಮ್ಮದಾಗದಿದ್ದರೆ ಆಗುವುದು ಯಾವಾಗ? ನನ್ನ ಜೊತೆ ಪಾಠ ಮಾಡುತ್ತಿದ್ದ ಮೈಸೂರಿನವರೊಬ್ಬರ ಮನೆಯಲ್ಲಿ ದಸರಾ ಗೊಂಬೆ ಕೂರಿಸುತ್ತಿದ್ದರು. ತವರಿನಿಂದ ಬಂದ ಪಟ್ಟದ ರಾಣಿಗೆ ಮೂಗೇ ಇರಲಿಲ್ಲ. ಆದರೂ ಅದಕ್ಕೇ ಮೇಲಿನ ಮೆಟ್ಟಿಲು, ಹೊಸ ಗೊಂಬೆಗಳೆಲ್ಲ ಕೆಳಗೆ. ಹೊಂದುವುದಿಲ್ಲ ಎಂದು ಯಾರೂ ಅಂದದ್ದು ನಾನು ಕೇಳಲಿಲ್ಲ.

ಬೇರೆಯವರನ್ನು ಇಷ್ಟು ಬೈದ ಮೇಲೆ ನನ್ನದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮೂರಿನ ಒಂದು ಮಹಿಳಾ ಸಂಘ ಮರ ಅಲಂಕಾರದ ಸ್ಪರ್ಧೆ ಇಟ್ಟು, ನನ್ನನ್ನು ತೀರ್ಪುಗಾರಳಾಗಿ ಕರೆಯಿತು. ಕೈಯಲ್ಲೊಂದು ಅಚ್ಚುಹಾಕಿದ ಹಾಳೆ: ಬಣ್ಣಗಳ ಹೊಂದಾಣಿಕೆಗೆ 10, ಅಚ್ಚುಕಟ್ಟಿಗೆ 10, ಹೊಸತನಕ್ಕೆ 5. ಮನೆಮನೆಗೆ ಹೋಗುತ್ತಾ ಗಲ್ಲಿಯ ಕೊನೆಯ ಮನೆಗೆ ಬಂದೆವು. ಗಾಳಿಮರದ್ದೇ ಕೊಂಬೆ. ಮಗುವಿನ ಒಂಟಿ ಕಾಲುಚೀಲ, ಬಳೆಚೂರಿನ ಸರ, ನಡುವೆ ಕೆಂಪು ರಿಬ್ಬನ್ನಿನಲ್ಲಿ ಒಂದು ಬೀಗದ ಕೈ. ಅದೇನು ಎಂದು ಕೇಳಿದೆ.

"ಇವರ ರಿಕ್ಷಾದ್ದು ಟೀಚರ್. ಇವರು ಹೋದ ಮೇಲೆ ರಿಕ್ಷಾ ಮಾರಿ ಆಯಿತು. ಇದೊಂದು ಸ್ಪೇರ್ ಕೀ ಉಳಿದದ್ದು. ಮಗ ಕಟ್ಟಿದ."

ಆ ಹುಡುಗ ಬಾಗಿಲ ಹಿಂದೆ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದ. ನನ್ನ ಶಾಲೆಯ ಹುಡುಗನೇ. ಶರಬತ್ತು ಕುಡಿದೆವು. ಹೊರಗೆ ಬಂದು ಬಣ್ಣಗಳ ಹೊಂದಾಣಿಕೆಯ ಎದುರಿಗೆ 3 ಎಂದು ಬರೆದೆ. ನಿಯಮ ಇದ್ದದ್ದೇ ಹಾಗೆ ಎಂದು ನಾನೇ ನನಗೆ ಹೇಳಿಕೊಂಡೆ. ಬಹುಮಾನ ಹೋದದ್ದು ಒಂದು ಚಿನ್ನದ ಬಣ್ಣದ ಮರಕ್ಕೆ, ಅದು ಯಾರ ಮನೆಯದೆಂದು ಈಗ ನೆನಪೂ ಇಲ್ಲ.

ಧೂಳು ಹಿಡಿಯುತ್ತದೆ, ಜಿರಲೆ ಬರುತ್ತದೆ, ಫ್ಲ್ಯಾಟಿನಲ್ಲಿ ಜಾಗವಿಲ್ಲ ಎನ್ನುತ್ತೀರಿ. ಒಪ್ಪಿದೆ. ಕುಟ್ಟೆ ಹಿಡಿದದ್ದನ್ನು ನಾನೂ ಎಸೆದಿದ್ದೇನೆ. ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಒಂದು ಬಿಸ್ಕತ್ತಿನ ಡಬ್ಬಿಯಷ್ಟು ಜಾಗ ಕೇಳುತ್ತಿದ್ದೇನೆ. ಮಿಕ್ಸಿಯ ಹಳೇ ಜಾರುಗಳಿಗೆ ಇದಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊನ್ನೆ ಸಂಘದವರು ಮತ್ತೆ ಫೋನು ಮಾಡಿದ್ದರು, ಈ ಸಲವೂ ತೀರ್ಪು ಕೊಡಬೇಕೆಂದು. ಬಣ್ಣಗಳ ಹೊಂದಾಣಿಕೆ ಎಂಬ ಸಾಲನ್ನು ತೆಗೆದರೆ ಬರುತ್ತೇನೆ ಎಂದೆ. ವಿಚಾರಿಸಿ ಹೇಳುತ್ತೇವೆ ಟೀಚರ್, ಎಂದರು. ಇನ್ನೂ ಹೇಳಿಲ್ಲ. ಅಷ್ಟರಲ್ಲಿ ನಾನು ಡಬ್ಬಿ ಇಳಿಸಿ ನೋಡಿದೆ. ಚಿಕ್ಕಮ್ಮನ ಬಲ್ಬಿನ ತಂತಿ ತುಕ್ಕು ಹಿಡಿದು ತುಂಡಾಗಿದೆ. ಅಂಗಡಿಯಿಂದ ಒಂದು ಮೊಳ ಹೊಸ ತಂತಿ ತರಿಸಿದ್ದೇನೆ.