ಹೇಳದೆ ಕೇಳದೆ

ಗಂಗಾವತಿಯ ಕಾಲೇಜೊಂದರ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ‘ಅಕ್ರಮ ವಲಸಿಗರನ್ನು ವಿಚಾರಣೆಯಿಲ್ಲದೆ ಹೊರಹಾಕಬೇಕು’ ಎಂಬುದು ವಿಷಯ. ಪರವಾಗಿ ಮಾತಾಡಿದ ಹುಡುಗನೊಬ್ಬ ಮೇಜು ಗುದ್ದಿ ಹೇಳಿದ: “ಕಾನೂನು ಅಂದ್ರ ಕಾನೂನು. ಹೇಳದ ಕೇಳದ ಬಂದವ್ರನ್ನ ಹೇಳದ ಕೇಳದನ ಹೊರಗ ಹಾಕಬೇಕು.” ಸಭೆ ಚಪ್ಪಾಳೆ ತಟ್ಟಿತು. ಮಾತು ಚೆನ್ನಾಗಿತ್ತು, ನಾನೂ ಕೈ ತುಂಬ ಅಂಕ ಹಾಕಿದೆ.

ಆಮೇಲೆ ಚಹಾ ಕುಡಿಯುವಾಗ ಮಾತು ಮರಕುಂಬಿಯ ಕಡೆ ಹೊರಳಿತು. ಅದೇ ಹುಡುಗ ಅಷ್ಟೇ ಬಿಸಿಯಲ್ಲಿ, “ಸರ್, ತೊಂಬತ್ತೆಂಟು ಮಂದಿಗೆ ಜೀವಾವಧಿ ಅಂದ್ರ ಏನ್ರಿ ಅದು? ಅವರಿಗೂ ಹೆಂಡ್ರು ಮಕ್ಕಳದಾರ. ಸರ್ಕಾರ ಮಾಫಿ ಮಾಡಬೇಕು” ಎಂದ. ಅವನ ಊರು ಯಲಬುರ್ಗಾ ತಾಲ್ಲೂಕಿನದು. ಅಣ್ಣ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾನೆ, ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಇರುತ್ತಾನೆ ಎಂದೂ ಹೇಳಿದ.

ಒಂದೇ ದಿನ ಆಡಿದ ಈ ಎರಡು ಮಾತುಗಳ ನಡುವೆ ಅವನಿಗೆ ಯಾವ ತೊಡಕೂ ಕಾಣಲಿಲ್ಲ. ಚಹಾ ಮುಗಿಸಿ ನಾನೂ ಸುಮ್ಮನೆ ಎದ್ದು ಬಂದೆ. ಅಂದು ಸುಮ್ಮನಿದ್ದದ್ದು ತಪ್ಪು. ಹುಡುಗನದು ಒಂಟಿ ದನಿಯಲ್ಲ. ದಿಲ್ಲಿಯಿಂದ ವಾಷಿಂಗ್ಟನ್‌ವರೆಗೆ ಅಧಿಕಾರದಲ್ಲಿರುವವರ ಮಾತೂ ಹೀಗೇ ಇದೆ: ಹೊರಗಿನವನಿಗೆ ಕಾನೂನಿಲ್ಲದ ಶಿಕ್ಷೆ, ನಮ್ಮವನಿಗೆ ಕಾನೂನು ಮೀರಿದ ಕ್ಷಮೆ. ಇವೆರಡೂ ಬೇರೆ ಬೇರೆ ರೋಗಗಳೆಂದು ನಾವು ಬೇರೆ ಬೇರೆಯಾಗಿ ವಾದಿಸುತ್ತೇವೆ. ನನ್ನ ಪ್ರಕಾರ ರೋಗ ಒಂದೇ.

ಮೊದಲು ಮರಕುಂಬಿ. ಗಂಗಾವತಿ ತಾಲ್ಲೂಕಿನ ಈ ಹಳ್ಳಿಯಲ್ಲಿ ಕ್ಷೌರದಂಗಡಿಗೂ ಹೋಟೆಲ್ಲಿಗೂ ದಲಿತರಿಗೆ ಪ್ರವೇಶವಿಲ್ಲದ ವಿಷಯಕ್ಕೆ ಮೊದಲೇ ಬಿಸಿ ಇತ್ತು. ಗಂಗಾವತಿಯ ಸಿನಿಮಾ ಟಾಕೀಸಿನಲ್ಲಿ ನಡೆದ ಜಗಳವೊಂದು ನೆಪವಾಯಿತು. 2014ರ ಆಗಸ್ಟ್ 28ರಂದು ದಲಿತರ ಕೇರಿಯ ಮೇಲೆ ಗುಂಪು ನುಗ್ಗಿತು, ಹೊಡೆಯಿತು, ಗುಡಿಸಲಿಗೆ ಬೆಂಕಿ ಇಟ್ಟಿತು. ಆರೋಪಿಗಳು 117 ಮಂದಿ. ತೀರ್ಪು ಬಂದದ್ದು 2024ರ ಅಕ್ಟೋಬರ್ 24ಕ್ಕೆ, ಹತ್ತು ವರ್ಷ ಕಳೆದ ಮೇಲೆ. ಅಷ್ಟರಲ್ಲಿ 16 ಆರೋಪಿಗಳು ತೀರಿಹೋಗಿದ್ದರು. ಉಳಿದ 101 ಮಂದಿಯಲ್ಲಿ 98 ಮಂದಿಗೆ ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಜೀವಾವಧಿ ವಿಧಿಸಿತು. ಮೂವರು ಸ್ವತಃ ಪರಿಶಿಷ್ಟ ಸಮುದಾಯದವರಾದ್ದರಿಂದ ಅವರಿಗೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಲಿಲ್ಲ, ಐದು ವರ್ಷದ ಶಿಕ್ಷೆಯಾಯಿತು.

ತೀರ್ಪು ಬಂದ ದಿನ ಸಂಭ್ರಮಿಸಿದವರಲ್ಲಿ ನಾನೂ ಒಬ್ಬ. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ಕೊಟ್ಟಾಗ ಕುದ್ದವರಲ್ಲೂ ಒಬ್ಬ. ಆದರೆ ಇವತ್ತು ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ಜಾಮೀನು ಕ್ಷಮಾದಾನವಲ್ಲ. ಶಿಕ್ಷೆಯಾದವನಿಗೆ ಮೇಲಿನ ಕೋರ್ಟಿಗೆ ಹೋಗುವ ಹಕ್ಕಿದೆ. ದೌರ್ಜನ್ಯ ತಡೆ ಕಾಯ್ದೆಗೆ ಆಮೇಲೆ ಸೇರಿದ 15ಎ ಕಲಮಿನ ಪ್ರಕಾರ ಜಾಮೀನಿನ ಹಂತದಲ್ಲೂ ನೊಂದವರ ಮಾತನ್ನು ಕೇಳಬೇಕು. ಅಂದರೆ ಅಲ್ಲಿ ಎರಡೂ ಕಡೆಯವರಿಗೆ ಬಾಯಿ ಇದೆ, ನ್ಯಾಯಾಧೀಶರ ಆದೇಶಕ್ಕೆ ಕಾರಣ ಇದೆ, ಆ ಕಾರಣ ತಪ್ಪೆಂದರೆ ಪ್ರಶ್ನಿಸಲು ಇನ್ನೊಂದು ಬಾಗಿಲಿದೆ. ಆದೇಶ ನಮಗೆ ಹಿಡಿಸದೆ ಇರಬಹುದು. ಆದರೂ ಅದು ಹೇಳಿ ಕೇಳಿ ಆದ ಆದೇಶ.

ಇದರ ಪಕ್ಕದಲ್ಲಿ ಬೆಂಗಳೂರನ್ನು ಇಟ್ಟು ನೋಡಿ. 2020ರ ಜನವರಿಯಲ್ಲಿ ಮಾರತಹಳ್ಳಿ ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶದ ಅಕ್ರಮ ವಲಸಿಗರು’ ಇದ್ದಾರೆಂದು ಶಾಸಕರೊಬ್ಬರು ವಿಡಿಯೊ ಹಂಚಿದರು. ಕೆಲವೇ ದಿನಗಳಲ್ಲಿ ಜೆಸಿಬಿ ಬಂತು, ಶೆಡ್ಡುಗಳು ನೆಲಕ್ಕುರುಳಿದವು. ಅಲ್ಲಿದ್ದವರು ಅಸ್ಸಾಮಿನವರು, ತ್ರಿಪುರಾದವರು, ಜೊತೆಗೆ ನಮ್ಮ ಉತ್ತರ ಕರ್ನಾಟಕದವರು. ಅವರ ಬಳಿ ಆಧಾರ್ ಇತ್ತು, ಮತದಾರರ ಚೀಟಿ ಇತ್ತು. ತೋರಿಸುತ್ತೇವೆ ಎಂದರೂ ನೋಡುವ ಕಣ್ಣು ಅಲ್ಲಿರಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು, ತೆರವು ನಿಂತಿತು, ಸರ್ಕಾರ ಛೀಮಾರಿ ಹಾಕಿಸಿಕೊಂಡಿತು. ಶೆಡ್ಡು ಮಾತ್ರ ಆಗಲೇ ಬಿದ್ದಿತ್ತು.

ಕುಷ್ಟಗಿ, ಯಲಬುರ್ಗಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆಯ ಕಾಲುವೆ ಗಂಗಾವತಿಗೆ ಭತ್ತ ಕೊಟ್ಟಿತು. ಮೇಲಿನ ಈ ಎರಡು ತಾಲ್ಲೂಕುಗಳು ಮಳೆ ನಂಬಿಯೇ ಉಳಿದವು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ, ಮುದುಕರ ಕೈಗೆ ಕೀಲಿ, ಉಳಿದವರು ಗುಳೆ. ಬೆಂಗಳೂರು, ಮಂಗಳೂರು, ಗೋವಾ. ಗೋವಾದಲ್ಲಿ ನಮ್ಮವರನ್ನು ‘ಘಾಟಿ’ ಎಂದು ಕರೆಯುತ್ತಾರೆ; ಘಟ್ಟ ಇಳಿದು ಬಂದವನು ಎಂಬ ಪದ ಬೈಗುಳವಾಗಿದೆ. ವಾಸ್ಕೊದ ಬೈನಾದಲ್ಲಿ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಾವು ಇಲ್ಲಿ ಪ್ರತಿಭಟಿಸಿದೆವು. ಇನ್ನೂ ಹಿಂದಕ್ಕೆ ಹೋದರೆ, ನಿಜಾಮರ ಕೊನೆಯ ದಿನಗಳಲ್ಲಿ ರಜಾಕಾರರ ಹಾವಳಿಗೆ ಹೆದರಿ ನಮ್ಮ ಹಳ್ಳಿಗಳ ಜನ ಸಂಸ್ಥಾನದ ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಕಡೆ ಹೋಗಿದ್ದರು. ಯಾವ ಕಾಗದ ಹಿಡಿದು ಹೋಗಿದ್ದರು? ಆ ಜಿಲ್ಲೆಯ ಹುಡುಗ ಇವತ್ತು ‘ಹೇಳದೆ ಕೇಳದೆ’ ಎಂದಾಗ ನಮ್ಮ ಸಭೆ ಚಪ್ಪಾಳೆ ತಟ್ಟುತ್ತದೆ.

ಹಾಗಾದರೆ ಗಡಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಪರದೇಶದವನು ಅನುಮತಿಯಿಲ್ಲದೆ ಬಂದಿದ್ದರೆ ಕಳಿಸುವ ಅಧಿಕಾರ ಸರ್ಕಾರಕ್ಕಿದೆ. ನನ್ನ ತಕರಾರು ‘ಅಕ್ರಮ’ ಎಂದು ಗೊತ್ತಾಗುವುದು ಹೇಗೆ ಎನ್ನುವುದಷ್ಟೇ. ವಿಚಾರಣೆಗೆ ಮೊದಲು ಅವನು ಅಕ್ರಮ ವಲಸಿಗನಲ್ಲ, ಅನುಮಾನಿತ. ಸಂವಿಧಾನದ 14 ಮತ್ತು 21ನೇ ವಿಧಿಗಳು ರಕ್ಷಣೆ ಕೊಡುವುದು ‘ವ್ಯಕ್ತಿ’ಗೆ, ‘ನಾಗರಿಕ’ನಿಗೆ ಮಾತ್ರವಲ್ಲ. ಬರೆದವರು ಕೈತಪ್ಪಿ ಬರೆದದ್ದಲ್ಲ ಅದು. ಇದರ ಜೊತೆಗೆ ನೆನಪಿಡಬೇಕಾದದ್ದು, ನಮ್ಮ ವಿದೇಶಿಯರ ಕಾಯ್ದೆಯಲ್ಲಿ ತಾನು ವಿದೇಶಿಯನಲ್ಲ ಎಂದು ಸಾಬೀತು ಮಾಡುವ ಹೊರೆ ಆಯಾ ವ್ಯಕ್ತಿಯ ಮೇಲೆಯೇ ಇದೆ. ರೇಷನ್ ಕಾರ್ಡನ್ನು ಊರಿನ ಟ್ರಂಕಿನಲ್ಲಿ ಬಿಟ್ಟು ಬಂದ ಗಾರೆಯವನು ಜೆಸಿಬಿ ಎದುರು ನಿಂತು ಏನು ಸಾಬೀತು ಮಾಡಬಲ್ಲ? ವಿಚಾರಣೆ ಎನ್ನುವುದು ಹೊರಗಿನವನಿಗೆ ನಾವು ಕೊಡುವ ಭಿಕ್ಷೆಯಲ್ಲ. ನಾವು ಒಳಗಿನವರು ಎಂದು ಹೇಳಿಕೊಳ್ಳಲು ನಮಗಿರುವ ಏಕೈಕ ಜಾಗ ಅದು.

ಹುಡುಗರು ಈಗ ಮಾತೆತ್ತಿದರೆ ಅಮೆರಿಕದ ಉದಾಹರಣೆ ಕೊಡುತ್ತಾರೆ. ಸರಿ, ಅಲ್ಲಿಗೂ ಹೋಗೋಣ. ಅರಿಜೋನಾ ರಾಜ್ಯದ ಮ್ಯಾರಿಕೋಪಾ ಕೌಂಟಿಯ ಶೆರಿಫ್ ಆಗಿದ್ದ ಜೋ ಆರ್ಪೈಯೊ, ವಲಸಿಗರೆಂಬ ಬರೀ ಅನುಮಾನದ ಮೇಲೆ ಜನರನ್ನು ಹಿಡಿದಿಡುವುದನ್ನು ನಿಲ್ಲಿಸು ಎಂದು ಕೋರ್ಟ್ ಹೇಳಿದರೂ ನಿಲ್ಲಿಸಲಿಲ್ಲ. 2017ರ ಜುಲೈನಲ್ಲಿ ನ್ಯಾಯಾಂಗ ನಿಂದನೆಯ ಅಪರಾಧಿ ಎಂದು ತೀರ್ಪಾಯಿತು. ಶಿಕ್ಷೆ ಎಷ್ಟು ಎಂದು ಕೋರ್ಟ್ ಹೇಳುವ ಮೊದಲೇ, ಆಗಸ್ಟ್ 25ರಂದು ಟ್ರಂಪ್ ಕ್ಷಮಿಸಿಬಿಟ್ಟರು. ಕಾನೂನು ಜಾರಿ ಮಾಡುತ್ತೇನೆಂದು ಹೊರಟವನೇ ಕಾನೂನು ಮುರಿದ. ಮುರಿದದ್ದಕ್ಕೆ ಬಹುಮಾನದಂತೆ ಕ್ಷಮೆ ಬಂತು.

2025ರ ಜನವರಿ 20ರಂದು, ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ, 2021ರಲ್ಲಿ ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣಗಳ ಸುಮಾರು 1,500 ಮಂದಿಗೆ ಅವರು ಕ್ಷಮೆ ನೀಡಿದರು. ಅಂದೇ ವಲಸಿಗರ ವಿರುದ್ಧದ ಆದೇಶಗಳಿಗೂ ಸಹಿ ಬಿತ್ತು. ಎರಡು ವಾರದಲ್ಲಿ, ಫೆಬ್ರವರಿ 5ರಂದು, 104 ಭಾರತೀಯರು ಕೈಕಾಲಿಗೆ ಸರಪಳಿ ಹಾಕಿಸಿಕೊಂಡು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದರು. ಪೊಲೀಸರನ್ನು ಬಡಿದವನಿಗೆ ಬಿಡುಗಡೆ, ಗಡಿ ದಾಟಿದ ಕೂಲಿಯವನಿಗೆ ಸರಪಳಿ. ಇದು ಟ್ರಂಪ್ ಒಬ್ಬರ ಕತೆ ಮಾತ್ರ ಎಂದುಕೊಳ್ಳುವವರಿಗೆ: ಅವರಿಗೂ ಮೊದಲು, 2024ರ ಡಿಸೆಂಬರ್‌ನಲ್ಲಿ, ಬೈಡನ್ ತಮ್ಮ ಮಗನನ್ನೇ ಕ್ಷಮಿಸಿದ್ದರು. ಕೊಡುವುದಿಲ್ಲ ಎಂದು ಹೇಳಿ, ಆಮೇಲೆ ಕೊಟ್ಟರು.

ಅಮೆರಿಕದ ಅಧ್ಯಕ್ಷ ಕ್ಷಮೆಗೆ ಕಾರಣ ಕೊಡಬೇಕಾಗಿಲ್ಲ. ನಮ್ಮ ರಾಷ್ಟ್ರಪತಿಗೆ 72ನೇ ವಿಧಿಯಲ್ಲಿ, ರಾಜ್ಯಪಾಲರಿಗೆ 161ನೇ ವಿಧಿಯಲ್ಲಿ ಇರುವ ಅಧಿಕಾರ ಹಾಗಲ್ಲ. ಅವರು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕು, ಕೋರ್ಟು ಅದನ್ನು ಪರಿಶೀಲಿಸಬಹುದು. ನೆರೆಯ ಆಂಧ್ರದಲ್ಲಿ ಆಡಳಿತ ಪಕ್ಷದ ಕಾರ್ಯಕರ್ತನೊಬ್ಬನಿಗೆ ಸಿಕ್ಕ ಶಿಕ್ಷೆ ಕಡಿತವನ್ನು 2006ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜಾತಿ, ಧರ್ಮ, ಪಕ್ಷನಿಷ್ಠೆ ಕ್ಷಮೆಗೆ ಆಧಾರವಾಗಬಾರದು ಎಂದಿತು. ಆದರೂ 2022ರ ಸ್ವಾತಂತ್ರ್ಯ ದಿನದಂದು ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಗುಜರಾತ್ ಸರ್ಕಾರ ಬಿಟ್ಟಿತು. ಜೈಲಿನ ಹೊರಗೆ ಹಾರ ಹಾಕಿ ಸಿಹಿ ಹಂಚಿದರು. 2024ರ ಜನವರಿ 8ರಂದು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ತೀರ್ಪು ಅವರನ್ನು ಮತ್ತೆ ಒಳಗೆ ಕಳಿಸಿತು. ಬಿಡುಗಡೆ ಮಾಡುವ ಅಧಿಕಾರವೇ ಗುಜರಾತಿಗೆ ಇರಲಿಲ್ಲ ಎಂದಿತು.

ಗುಜರಾತಿನ ಮಾತು ಬಂದಾಗ ತಲೆದೂಗುವವರು ಬೆಂಗಳೂರಿನ ಕಡೆಗೂ ನೋಡಬೇಕು. ಇಲ್ಲಿ ಕ್ಷಮೆಗೆ ಇನ್ನೂ ಸುಲಭದ ದಾರಿ ಕಂಡುಕೊಂಡಿದ್ದಾರೆ: ಮೊಕದ್ದಮೆಯನ್ನೇ ವಾಪಸು ಪಡೆಯುವುದು. ಅಪರಾಧ ಸಾಬೀತಾಗುವುದೂ ಬೇಡ, ರಾಜ್ಯಪಾಲರ ಸಹಿಯೂ ಬೇಡ. 2020ರಲ್ಲಿ ಬಿಜೆಪಿ ಸರ್ಕಾರ ಜನಪ್ರತಿನಿಧಿಗಳ ಮೇಲಿನವೂ ಸೇರಿ ಹತ್ತಾರು ಪ್ರಕರಣ ಕೈಬಿಡಲು ಹೊರಟಿತು, ಹೈಕೋರ್ಟ್ ತಡೆಯಿತು. 2024ರ ಅಕ್ಟೋಬರ್‌ನಲ್ಲಿ, ಅಂದರೆ ಮರಕುಂಬಿಯ ತೀರ್ಪು ಬಂದ ತಿಂಗಳಲ್ಲೇ, ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಗಲಭೆಯೂ ಸೇರಿದಂತೆ 43 ಪ್ರಕರಣ ಕೈಬಿಡುವ ಆದೇಶ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನೂ ಹೊಡೆದುಹಾಕಿತು. ಈ ಪಟ್ಟಿಗಳಲ್ಲಿ ರೈತರ, ಹೋರಾಟಗಾರರ ಮೇಲಿನ ಕೇಸುಗಳೂ ಇರುತ್ತವೆ ಎಂಬುದು ನಿಜ. ಅಂಥವನ್ನು ಒಂದೊಂದಾಗಿ ಎತ್ತಿ, ಕಾರಣ ಬರೆದು, ಕೋರ್ಟಿನ ಮುಂದಿಡಲಿ. ಒಂದೇ ಮೂಟೆಯಲ್ಲಿ ಎಲ್ಲವನ್ನೂ ಕಟ್ಟಿದಾಗ ರೈತ ಉಳಿದವರಿಗೆ ಮರೆಯಾಗುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ನೊಂದವರ ಮಾತು ಕೇಳದೆ ಮೊಕದ್ದಮೆ ವಾಪಸಾತಿಗೆ ಕೋರ್ಟ್ ಒಪ್ಪಬಾರದು ಎನ್ನುತ್ತದೆ. ಸಂಪುಟದ ಮೇಜಿನ ಸುತ್ತ ಕೂತವರಿಗೆ ನೊಂದವರ ನೆನಪು ಎಷ್ಟಿತ್ತೋ!

ನಾನು ಕ್ಷಮೆಯ ವಿರೋಧಿಯಲ್ಲ. ಕೋರ್ಟು ತಪ್ಪುತ್ತದೆ, ಮನುಷ್ಯ ಬದಲಾಗುತ್ತಾನೆ. ಹತ್ತು ವರ್ಷ ಎಳೆಯುವ ವ್ಯವಸ್ಥೆಯನ್ನು ಹೊಗಳುವ ಹುಚ್ಚೂ ನನಗಿಲ್ಲ. ಮರಕುಂಬಿಯ ಕೇರಿಯವರು ಆ ಹತ್ತು ವರ್ಷ ಅದೇ ಊರಲ್ಲಿ, ಅದೇ ಆರೋಪಿಗಳ ನಡುವೆ ಬದುಕಿದರು. ತಡವೂ ಒಂದು ಶಿಕ್ಷೆಯೇ, ಅದನ್ನು ಅನುಭವಿಸಿದ್ದು ನೊಂದವರು. ಆದರೆ ತಡಕ್ಕೆ ಮದ್ದು ನ್ಯಾಯಾಧೀಶರನ್ನು ಹೆಚ್ಚಿಸುವುದು. ವಿಚಾರಣೆಯನ್ನೇ ತೆಗೆದುಹಾಕುವುದು ಮದ್ದಲ್ಲ.

ಕ್ಷಮೆಯ ಬಗ್ಗೆ ಕೊಪ್ಪಳದವರು ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಶಾಸನಗಳಿವೆ. ಅದೇ ದೊರೆ ಉತ್ತರದಲ್ಲಿ ನಿಲ್ಲಿಸಿದ ಕಂಬಗಳ ಶಾಸನಗಳಲ್ಲಿ ಎರಡು ಸಂಗತಿಗಳು ಬರುತ್ತವೆ. ಒಂದು, ವ್ಯವಹಾರ ಸಮತೆ ಮತ್ತು ದಂಡ ಸಮತೆ, ಅಂದರೆ ವಿಚಾರಣೆಯೂ ಶಿಕ್ಷೆಯೂ ಎಲ್ಲರಿಗೂ ಒಂದೇ ಸಮ ಇರಬೇಕು. ಜೊತೆಗೆ ಮರಣದಂಡನೆಯಾದವನಿಗೆ ಮೂರು ದಿನದ ಗಡುವು, ಅವನ ಬಂಧುಗಳು ಬಂದು ಜೀವಕ್ಕಾಗಿ ಬೇಡಿಕೊಳ್ಳಲಿ ಎಂದು. ಇನ್ನೊಂದು, 26 ವರ್ಷಗಳಲ್ಲಿ 25 ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದೆ ಎಂಬ ಮಾತು. ಕ್ಷಮಿಸಿದ ದೊರೆಯೇ ಮೊದಲು ಸಮತೆಯ ಮಾತು ಬರೆಸಿದ. ಎರಡು ಸಾವಿರ ವರ್ಷಕ್ಕೂ ಹಿಂದೆ ಕೊಲೆಗಾರನಿಗೂ ಸಿಕ್ಕಿದ್ದ ಆ ಮೂರು ದಿನ, ಕರಿಯಮ್ಮನ ಅಗ್ರಹಾರದ ಕೂಲಿಯವರಿಗೆ ಸಿಗಲಿಲ್ಲ.

ಸ್ಪರ್ಧೆಯಲ್ಲಿ ಆ ಹುಡುಗನಿಗೆ ಮೊದಲ ಬಹುಮಾನ ಬಂತು. ಕೊಟ್ಟವನು ನಾನೇ, ಹಿಂದಕ್ಕೆ ಪಡೆಯುವುದಿಲ್ಲ. ಆದರೆ ತಮ್ಮಾ, ಅವತ್ತು ಚಹಾ ಕುಡಿಯುವಾಗ ಕೇಳಬೇಕಾಗಿದ್ದನ್ನು ಈಗ ಕೇಳುತ್ತೇನೆ. ನಾಳೆ ನಿನ್ನ ಅಣ್ಣನ ಶೆಡ್ಡಿನ ಮುಂದೆ ಜೆಸಿಬಿ ನಿಂತು, ‘ನೀ ಯಾವ ದೇಶದಾವ’ ಎಂದು ಯಾರಾದರೂ ಕೇಳಿದರೆ, ಅವನ ಉತ್ತರಕ್ಕೆ ಎಷ್ಟು ದಿನ ಕೊಡಬೇಕು? ಅಷ್ಟೇ ದಿನವನ್ನು ಗುರುತಿಲ್ಲದವನಿಗೂ ಕೊಡು. ಮರಕುಂಬಿಯವರಿಗೆ ಮಾಫಿ ಬೇಕು ಅನ್ನುತ್ತೀಯಲ್ಲ, ಮೊದಲು ಆ ಕೇರಿಗೆ ಹೋಗಿ ಗುಡಿಸಲು ಸುಟ್ಟುಕೊಂಡವರನ್ನು ಒಂದು ಮಾತು ಕೇಳಿ ಬಾ. ಅವರು ಹೂಂ ಅಂದರೆ ನಾನೂ ನಿನ್ನ ಜೊತೆ ಅರ್ಜಿಗೆ ಸಹಿ ಹಾಕುತ್ತೇನೆ.